ಕ್ರಾಬ್‌ಟ್ರಿ, ಜೆಪ್ಪು

ಮತದಾರರ ಪಟ್ಟಿ ತಿದ್ದುವ ಡ್ಯೂಟಿ ಬಿದ್ದ ವರ್ಷ
ಮೂರು ವಾರ್ಡಿನ ಬಾಗಿಲು ತಟ್ಟಿದೆ.
ಪುಟಕ್ಕೆ ಹನ್ನೆರಡು ಡಿಸೋಜ, ಒಂಬತ್ತು ಶೆಟ್ಟಿ,
ಸೋನ್ಸರು, ಅಮ್ಮನ್ನರು, ಕುಂದರರು ಬೇಕಾದಷ್ಟು.
ನಮ್ಮವರು ಎರಡು ಜಿಲ್ಲೆ ಸೇರಿ ಏಳೇ ಮಂದಿ,
ಅದೂ ಏಳು ಬಗೆಯಲ್ಲಿ.
ರೇಶನ್ ಕಾರ್ಡಿನಲ್ಲಿ ಅಪ್ಪ ಕಬ್ಬತ್ರಿ.
ಗ್ಯಾಸಿನ ಪುಸ್ತಕದಲ್ಲಿ ಅಮ್ಮ ಕ್ರಾಬ್ ತ್ರೀ,
ಒಂದು, ಎರಡು ಎಲ್ಲಿ ಹೋದರೋ.
ಮಲ್ಪೆಯ ಐಸ್ ಫ್ಯಾಕ್ಟರಿಯ ಜಯವಂತ ಚಿಕ್ಕಪ್ಪ ಕರಪತ್ರಿ;
ಚುನಾವಣೆ ಬಂದರೆ ಜನ ಅವರ ಕೈ ನೋಡುತ್ತಾರೆ.
ಬಲ್ಮಠದ ಗೋರಿಗಳಲ್ಲಿ ಮಾತ್ರ ಹನ್ನೊಂದು ಜನ
ಒಂದೇ ಕಾಗುಣಿತದಲ್ಲಿ ಮಲಗಿದ್ದಾರೆ.

ಓಣಿಗೆ ನಾವು ದೆಂಜಿಮರದವರು.
ಇಂಗ್ಲಿಷ್ ಬಲ್ಲ ಮಾಸ್ತರರೊಬ್ಬರು ಬಿಡಿಸಿ ಹೇಳಿದ್ದಂತೆ,
ಕ್ರಾಬ್ ಅಂದರೆ ದೆಂಜಿ, ಟ್ರಿ ಅಂದರೆ ಮರ.
ಹೊಳೆಬದಿಯ ದೆಂಜಿ ಮರ ಹತ್ತಿದ್ದನ್ನು ಕಂಡವರಿಲ್ಲ.
ಆದರೂ ಅಜ್ಜ ಹೆಂಚಿನ ಕಾರ್ಖಾನೆಯ ಹಸಿಮಣ್ಣು ತಂದು
ಎರಡು ಕೊಂಬಿನ ದೆಂಜಿ ತಿದ್ದಿ, ಸುಟ್ಟು,
ಗೇಟಿನ ಕಂಬದ ಮೇಲೆ ಕೂರಿಸಿದರು.
ಅವರು ಬದುಕಿರುವಷ್ಟು ಕಾಲ
ನಮ್ಮಲ್ಲಿ ದೆಂಜಿ ಪದಾರ್ಥ ಮಾಡಲಿಲ್ಲ.
ಸ್ವಂತ ಬಳಿಯವರನ್ನು ಯಾರಾದರೂ ತಿನ್ನುತ್ತಾರೆಯೇ?
ಸುಗುಣ ಚಿಕ್ಕಮ್ಮನದು ಮಾತ್ರ ಬೇರೆ ಹೆಮ್ಮೆ:
ತನ್ನ ಮೂಗು ದೊರೆಯ ಮೂಗು.

ಆಮೇಲೆ ಯಾರ್ಕ್‌ಶೈರಿನಿಂದ ಕಾಗದ ಬಂತು.
ವಿನಿಫ್ರೆಡ್ ಕ್ರಾಬ್‌ಟ್ರಿ, ಎಪ್ಪತ್ತೆಂಟು ವರ್ಷ,
ಹೆಸರಿನವರನ್ನೆಲ್ಲ ಹುಡುಕಿ ಚುಕ್ಕೆ ಇಡುತ್ತಿದ್ದಾಳೆ.
ಜೊತೆಗೆ ನಕ್ಷೆ. ಒಂದು ಕಣಿವೆಯಲ್ಲಿ
ಬೆವರುಸಾಲೆ ಎದ್ದ ಹಾಗೆ ಕೆಂಪು,
ಗಿರಣಿ ಊರುಗಳ ಕಡೆಗೆ ಅಲ್ಲೊಂದು ಇಲ್ಲೊಂದು,
ಬಂದರಿನ ಹತ್ತಿರ ಎರಡು, ಆಮೇಲೆ ನೀರು.
ದೆಂಜಿ ಅಲ್ಲವಂತೆ. ಕಾಡುಸೇಬಿನ ಮರವಂತೆ,
ಕಚ್ಚಿದರೆ ಮುಖ ಕಿವುಚುವಷ್ಟು ಹುಳಿಯಂತೆ.
ಅದರ ಬುಡದಲ್ಲಿ ಮನೆ ಕಟ್ಟಿದವನಿಗೆ ಅಂಟಿದ ಹೆಸರಂತೆ.
ಕೊನೆಯಲ್ಲಿ ಒಂದು ಪ್ರಶ್ನೆ:
ನೀವು ನಮಗೆ ಏನಾಗಬೇಕು?

ಸಭಾಪಾಲಕರು ಕಪಾಟಿನ ಕೀಲಿ ಕೊಟ್ಟರು.
ಗೆದ್ದಲು ತಿಂದು ಮಿಗಿಸಿದ ದೀಕ್ಷಾಸ್ನಾನದ ಪುಸ್ತಕ,
ಜರ್ಮನ್ ಕೈಯ ಮೊನಚು ಕನ್ನಡ:
ಕಾಂತು, ಈಗ ಎಲಿಯ,
ಕ್ರಾಬ್‌ಟ್ರಿ ದೊರೆಯ ಬಟ್ಲರ.
ನಾಲ್ಕು ಪುಟ ದಾಟಿ ಅವನ ಮದುವೆ:
ಎಲಿಯ, ಕ್ರಾಬ್‌ಟ್ರಿ ದೊರೆಯ.
ಮಗಳಿಗೆ ಹೆಸರಿಟ್ಟ ದಿನ:
ಎಲಿಯ ಕ್ರಾಬ್‌ಟ್ರಿ.

ಅಷ್ಟೇ. ಕಾಲಂ ಕಿರಿದು,
ಬರೆಯುವವನಿಗೆ ಊಟದ ಹೊತ್ತಾಗಿರಬೇಕು.
ದೊರೆ ಮಕ್ಕಳಿಲ್ಲದೆ ಬಂದರಿನ ಬಂಗಲೆಯಲ್ಲಿ ಜ್ವರಕ್ಕೆ ಸತ್ತ.
ತಟ್ಟೆ ಹೊರುತ್ತಿದ್ದವನು
ಹೆಸರನ್ನೂ ಹೊತ್ತುಕೊಂಡು ಮನೆಗೆ ಬಂದ.
ಬಟ್ಲರ ಎಂದೇ ಉಳಿದಿದ್ದರೆ?
ಅದೂ ಇಂಗ್ಲಿಷ್ ಮನೆತನವೇ ಮಾರಾಯ್ರೆ,
ಅಲ್ಲಿ ಅವರು ಸಾವಿರಗಟ್ಟಲೆ ಇದ್ದಾರಂತೆ.

ಚಿಕ್ಕಮ್ಮ ಕನ್ನಡಿಯೆದುರು ತುಂಬ ಹೊತ್ತು ನಿಂತಳು.
"ಹಾಗಾದರೆ ಇದು ಕಾಂತುವಿನದ್ದಾ?"
ಮೂಗು ಸವರಿಕೊಂಡಳು,
ಹೊಸದಾಗಿ ಕೊಂಡದ್ದರ ಹಾಗೆ.

ಏನೂ ಆಗಬೇಕಾಗಿಲ್ಲ ಎಂದು ಬರೆಯಲು ಕೂತೆ.
ನಿಮ್ಮವರಿಗೆ ಬಡಿಸಿದವರು ಎಂದು ಬರೆದೆ, ಹೊಡೆದುಹಾಕಿದೆ.
ಇಲ್ಲಿಯ ಹುಳಿಯ ಮರ ಅಂಬಡೆ ಎಂದು ಬರೆದೆ,
ಅದನ್ನು ಬಿಟ್ಟೆ.
ನಕ್ಷೆ ಮೇಜಿನ ಮೇಲೆ ಹರಡಿತ್ತು.
ಇಂಗ್ಲೆಂಡ್ ಮುಗಿದು ಬಿಳಿ ಅಂಚು,
ಅಂಚು ಮುಗಿದು ನಮ್ಮ ಪ್ಲಾಸ್ಟಿಕ್ ಹಾಸು,
ಅದೂ ಮುಗಿದು ನೆಲ.
ಸ್ಕೇಲ್ ಹಿಡಿದು ಅಳೆಯುತ್ತಾ ಹೋದೆ:
ಅವಳ ಲೆಕ್ಕದಲ್ಲಿ ಜೆಪ್ಪು
ಅಡುಗೆಕೋಣೆಯ ಹೊಸ್ತಿಲಿಗೆ ಬರುತ್ತದೆ.

ಅಲ್ಲಿ ಅಮ್ಮ ಕೂತು ಅಂಬಡೆ ಜಜ್ಜುತ್ತಿದ್ದಳು.
ಕೈಯಲ್ಲಿದ್ದ ಕೆಂಪು ಪೆನ್ನು ನೋಡಿ
"ಎಂತ?" ಅಂದಳು.
"ಎಂತ ಇಲ್ಲ," ಅಂದೆ,
"ಕಾಲು ಸ್ವಲ್ಪ ಆಚೆ ಇಡು."