ರಾಜಿಯ ಓಣಿ

ಟೊರಾಂಟೊದಿಂದ ಹರಾರ್‌ಗೆ ಎರಡು ವಿಮಾನ, ಒಂದು ವ್ಯಾನು,
ಕೊನೆಗೆ ನನ್ನ ಸೂಟ್‌ಕೇಸು ಹೊತ್ತ ಕತ್ತೆ.
ಬಾಗಿಲಲ್ಲಿ ದೊಡ್ಡಮ್ಮ ಫೆತಿಯಾ
ಮುಖ ನೋಡಲಿಲ್ಲ, ಬೂಟು ನೋಡಿದಳು:
"ಅಲ್ಲೇ ಬಿಡು."

ಒಳಗೆ ಕೆಮ್ಮಣ್ಣು ಬಳಿದ ಜಗಲಿ, ಮೆಟ್ಟಿಲು ಮೆಟ್ಟಿಲಾಗಿ.
ಯಾರು ಎಲ್ಲಿ ಕೂರಬೇಕೆಂದು ಗೋಡೆಗೂ ಗೊತ್ತು.
ನಾನು ಹೋಗಿ ಕೂತದ್ದು ಸತ್ತ ದೊಡ್ಡಪ್ಪನ ಜಾಗವಂತೆ.
ತಮ್ಮ ಇಲ್ಯಾಸ್ ನಕ್ಕ, ಗೋಡೆಯ ಮೇಲಿನ ಬುಟ್ಟಿಗಳೂ ನಕ್ಕಂತಾಯಿತು.
ಕಾಫಿ ಸಿಪ್ಪೆಯ ಕಷಾಯಕ್ಕೆ ಹಾಲು, ಉಪ್ಪು ಹಾಕಿ ಕೊಟ್ಟಳು ದೊಡ್ಡಮ್ಮ.
ಅಮ್ಮನ ಸುದ್ದಿ ಎತ್ತಲಿಲ್ಲ.

ಮರುದಿನ ಇಲ್ಯಾಸ್ ಊರು ತೋರಿಸಿದ.
ಎಂಬತ್ತೆರಡು ಮಸೀದಿ ಎಂದ; ಹನ್ನೊಂದಕ್ಕೇ ನನಗೆ ಲೆಕ್ಕ ತಪ್ಪಿತು.
ಒಂದರ ಬಾಗಿಲು ಬಚ್ಚಲಿನದಷ್ಟು ಗಿಡ್ಡ,
ಇನ್ನೊಂದರ ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದರು,
ಕಾಯುತ್ತ ಕೂತ ಮುದುಕನಿಗೆ ನಿದ್ದೆ ಹತ್ತಿತ್ತು.
ಕೋಟೆಗೋಡೆಯ ಬುಡದಲ್ಲೊಂದು ತೂತು:
ರಾತ್ರಿ ಕತ್ತೆಕಿರುಬ ಬಂದುಹೋಗಲಿ ಎಂದು
ಕಟ್ಟಿದವರೇ ಬಿಟ್ಟದ್ದು.
"ಕಿರುಬಕ್ಕೂ ದಾರಿ ಇಟ್ಟ ಊರು" ಎಂದ, ಹೆಮ್ಮೆಯಿಂದ.
ಅಮ್ಮ ನೆನಪಾದಳು, ಹೇಳಲಿಲ್ಲ.

ಅಜ್ಜಿಯ ಹೊಲಿಗೆಯಂತ್ರ ಯಾರ ಪಾಲಿಗೆ ಎಂದು
ಅಕ್ಕತಂಗಿಯರು ಟೂ ಬಿಟ್ಟದ್ದು.
ಅಮ್ಮ ಅದನ್ನು ಹೊತ್ತುಕೊಂಡೇ ದೇಶ ಬಿಟ್ಟಳು.
ಇಪ್ಪತ್ತಾರು ವರ್ಷ. ಟೂ ಬಿಟ್ಟ ಬೆರಳು
ಆಸ್ಪತ್ರೆಯ ಹಾಸಿಗೆಯಲ್ಲೂ ಮಡಚಿಯೇ ಇತ್ತು.

ಗುರುವಾರ ದೊಡ್ಡಮ್ಮ ತಾನೇ ಹೊರಟಳು, ನನ್ನನ್ನೂ ಕರೆದಳು.
ರಾಜಿಯ ಓಣಿ ಎಂಬುದೊಂದಿದೆ ಅಲ್ಲಿ, ಎಷ್ಟು ಇಕ್ಕಟ್ಟೆಂದರೆ
ಮಾತು ಬಿಟ್ಟವರು ಎದುರಾದರೆ
ಒಬ್ಬರಾದರೂ "ತುಸು ಸರಿ" ಎನ್ನಲೇಬೇಕು;
ಅಷ್ಟಂದರೆ ಆಯಿತು, ಜಗಳ ಮುಗಿಯಿತು.
ನನ್ನ ಎರಡೂ ಹೆಗಲಿಗೆ ಸುಣ್ಣ ಮೆತ್ತಿತು.
ನಡು ಓಣಿಯಲ್ಲಿ ದೊಡ್ಡಮ್ಮ ನಿಂತಳು.
ಶಾಲು ಬಿಗಿಹಿಡಿದು, ಬೆನ್ನು ಗೋಡೆಗೊತ್ತಿ,
ಹೊಟ್ಟೆ ಒಳಗೆಳೆದುಕೊಂಡು
ದಾರಿ ಬಿಟ್ಟಳು.

ಎದುರಿಗೆ ಯಾರೂ ಇರಲಿಲ್ಲ.
ನಾನೂ ಗೋಡೆಗೆ ಆತು ನಿಂತೆ.
ಕೊನೆಕೊನೆಗೆ ಅಮ್ಮ ದಪ್ಪವಾಗಿದ್ದಳು,
ಹಾಯಲು ಹೊತ್ತು ಬೇಕು.

ಆಮೇಲೆ, ತಿರುಗದೆಯೇ, ಕೇಳಿದಳು:
"ಆ ಯಂತ್ರ ಈಗಲೂ ಹೊಲಿಯುತ್ತದೋ?"
ಸೂಜಿ ಮುರಿದಿದೆ ಎಂದೆ.
"ಎಷ್ಟನೇ ನಂಬರಿನದು?"
ಗೊತ್ತಿಲ್ಲ ಎಂದೆ.
ಅವಳಿಗೆ ಗೊತ್ತಿತ್ತು.
ಗಿರಿಗಿರಿ ಸದ್ದಿನ ದರ್ಜಿಬೀದಿಯತ್ತ
ನನಗಿಂತ ಬೇಗ ನಡೆದಳು.