ಅಂತಿಮ ಬಳಕೆದಾರ

ಉಲಾನ್‌ಬಾತರ್, ಮೂರನೆಯ ದಿನ. ಹೊರಗೆ ಮೈನಸ್ ಮೂವತ್ತೊಂದು.
ಬ್ರನೊದಿಂದ ಬಂದ ವೊಂದ್ರಾಚೆಕ್ ಸಾಹೇಬರ ಕನ್ನಡಕ
ಒಳಗೆ ಕಾಲಿಟ್ಟೊಡನೆ ಕುರುಡಾಯಿತು. ಒರೆಸುತ್ತ ನಕ್ಕರು.
ನಾನೂ ನಕ್ಕೆ. ನಗುವಿಗೆ ದುಭಾಷಿ ಬೇಡ.

ಮೇಜಿನ ಆಚೆ ಮೂವರು ಚೆಕ್ಕರು,
ಈಚೆ ಕರ್ನಲ್ ಗಾನ್‌ಹುಯಾಗ್, ಇಬ್ಬರು ಗುಮಾಸ್ತರು, ಕಡತದ ಗುಡ್ಡ.
ತುದಿಯಲ್ಲಿ ನಾನು, ದುಲಾಮ್‌ಸುರೆನ್,
ಯಾರೂ ತುಳಿಯದೆ ದಾಟಬೇಕಾದ ಹೊಸ್ತಿಲು.

ಸರಕು: ನಾಲ್ಕು ರಾಡಾರ್.
ಬಿಡಿಭಾಗ ಹನ್ನೆರಡು ವರ್ಷಕ್ಕೆ ಅಂತ ಅವರು,
ಮೂವತ್ತು ಅಂತ ಕರ್ನಲ್.
ಒಳಗಿನ ಸಾಫ್ಟ್‌ವೇರಿನ ಕೀಲಿಕೈ ಮಾತ್ರ
ಬ್ರನೊದಲ್ಲೇ ಉಳಿಯುತ್ತದಂತೆ. ಕಂಪನಿಯ ನಿಯಮ.

ಕರ್ನಲ್ ಬಹಳ ಹೊತ್ತು ಚಹಾ ನೋಡಿದರು.
ಉಪ್ಪು ಚಹಾ, ಮೇಲೆ ಕೆನೆ ಸುಕ್ಕುಗಟ್ಟುತ್ತಿತ್ತು.
“ಕುದುರೆ ಮಾರಿದವನು ಹಗ್ಗ ಇಟ್ಟುಕೊಳ್ಳೋದು
ನಮ್ಮಲ್ಲೂ ಉಂಟು, ಮನೆಯ ಭಾಗ್ಯ ಹೋಗದಿರಲಿ ಅಂತ.
ಆದರೆ ಕುದುರೆಯ ಕಣ್ಣು
ಯಾರೂ ಕಿತ್ತಿಟ್ಟುಕೊಳ್ಳುವುದಿಲ್ಲ.”
ಹೇಳಿದೆ. ವೊಂದ್ರಾಚೆಕ್ ಪುಸ್ತಕದಲ್ಲಿ ‘ಕುದುರೆ’ ಎಂದು ಬರೆದು
ಅಡಿಗೆರೆ ಎಳೆದರು.

ಅವರ ಭಾಷೆಯಲ್ಲಿ ಬದುಕಿನ ಗುರಿಗೂ ಬಂದೂಕಿನ ಗುರಿಗೂ
ಒಂದೇ ಪದ: ತ್ಸೀಲ್.
ನಮ್ಮಲ್ಲಿ ಎರಡು, ಒಂದಕ್ಕೊಂದು ನೆಂಟಸ್ತನವೇ ಇಲ್ಲ.
“ನಮ್ಮಿಬ್ಬರ ಸಮಾನ ತ್ಸೀಲ್” ಎಂದು ಅವರು ಶುರುಮಾಡಿದಾಗಲೆಲ್ಲ
ಅರ್ಧ ಉಸಿರು ನಿಲ್ಲುತ್ತೇನೆ.
ಆ ಅರ್ಧ ಉಸಿರಿಗೆ ಯಾರೂ ಸಂಬಳ ಕೊಡುವುದಿಲ್ಲ.

ಊಟದ ಹೊತ್ತಿಗೆ ಯಾರದೋ ಭಾವಮೈದುನ ಬಂದ.
ಹೆಸರು ಯಾವ ಕಾಗದದಲ್ಲೂ ಇಲ್ಲ;
ಎಲ್ಲರೂ ಎದ್ದು ಕೈಕುಲುಕಿದರು.
“ಸಲಹಾ ಶುಲ್ಕ,” ಎಂದು ನಾಲ್ಕು ಬೆರಳು ಎತ್ತಿದ.
ಬೆರಳು ಎಲ್ಲ ದೇಶದಲ್ಲೂ ಬೆರಳೇ.
“ಅಕ್ಕ, ನೀವು ಸ್ವಲ್ಪ ಗಾಳಿಗೆ ಹೋಗಿಬನ್ನಿ,” ಎಂದರು ನನಗೆ,
ಮೈನಸ್ ಮೂವತ್ತೊಂದರ ಗಾಳಿಗೆ.

ಬಾಗಿಲಲ್ಲಿ ಕಾವಲಿನ ಹುಡುಗ. ಹತ್ತೊಂಬತ್ತಿರಬೇಕು.
ಟೋಪಿ ಒಂದು ಸೈಜು ದೊಡ್ಡದು, ಕಿವಿಯ ತುದಿ ಕೆಂಡ,
ಕೆನ್ನೆಯೊಳಗೆ ಒಣಮೊಸರಿನ ಗಟ್ಟಿ.
ವಸಂತಕ್ಕೆ ಗಡಿಗೆ ವರ್ಗವಂತೆ, ಗುಡ್ಡದ ಮೇಲಿನ ಠಾಣೆಗೆ.
“ಅಲ್ಲಿ ಹೊಸ ಯಂತ್ರ ಬರುತ್ತಂತೆ, ನಿಜವಾ?
ರಾತ್ರಿಯೆಲ್ಲ ಅದನ್ನೇ ನೋಡ್ತಾ ಕೂರಬೇಕಂತೆ.”
ಗೊತ್ತಿಲ್ಲ, ಅಂದೆ.
ಆ ದಿನ ನಾನು ನನ್ನದೇ ಮಾತಿನಲ್ಲಿ ಆಡಿದ್ದು ಅದೊಂದೇ,
ಅದೂ ಸುಳ್ಳು.

ಒಳಗೆ ಹದಿನೇಳನೆಯ ಕಲಮು.
“ಅಂತಿಮ ಬಳಕೆದಾರ ಯಾರು? ಹೆಸರು ಬೇಕು.”
“ಸಚಿವಾಲಯ,” ಅಂದರು ಕರ್ನಲ್.
ಸಚಿವಾಲಯ, ಅಂದೆ ನಾನು.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು; ಗುಮಾಸ್ತ ಬಾಯಿಯ ಹಬೆ ಊದಿ ಕೊಟ್ಟ.
ಬಿಡಿಭಾಗ ಇಪ್ಪತ್ತು ವರ್ಷಕ್ಕೆ ನಿಂತಿತು.
ಕಣ್ಣು ಬ್ರನೊದಲ್ಲೇ.

ಹೊರಡುವಾಗ ಹುಡುಗ ಬಾಗಿಲು ಹಿಡಿದ.
ವೊಂದ್ರಾಚೆಕ್, ನಾನೇ ಕಲಿಸಿದ ಧನ್ಯವಾದವನ್ನು
ನಡುವೆ ಒಂದು ಅಕ್ಷರ ನುಂಗಿ, ಹೇಳಿದರು.
ಹುಡುಗ ನಗು ತಡೆದು ಏನೋ ಅಂದ.

“ಏನಂದ?” ನನ್ನ ಕಡೆ ತಿರುಗಿ ಅವರು.

ಪರವಾಗಿಲ್ಲ ಅಂದ, ಅಂದೆ.