ಎಂಟನೆಯದು

ಹದಿಮೂರರ ತಲೆಗೆ ಹದಿನಾಲ್ಕರ ಸ್ಪ್ಯಾನರ್ ಹಾಕಿ
ಯಾರೋ ಅವಸರದವನು, ಯಾವ ಊರಿನಲ್ಲೋ,
ಒಮ್ಮೆ ಜಾರಿಸಿದ್ದಾನೆ. ಜಾರಿದ್ದಕ್ಕೆ ಸಿಟ್ಟಾಗಿ ಮತ್ತೊಮ್ಮೆ.
ಆರು ಮೂಲೆ ಇದ್ದದ್ದು ಈಗ ಗುಂಡಗೆ,
ಹೊಳೆಯಲ್ಲಿ ಹೊರಳಿ ಬಂದ ಬೆಣಚುಕಲ್ಲು,
ಹಿಡಿಯಲು ಏನನ್ನೂ ಕೊಡದು.

"ಮುಟ್ಟಿ ನೋಡು, ಗ್ವಾಂತ್ಸಾ" ಎಂದರು ಝೌರಿ.
ಕಣ್ಣಿಗೆ ಕಾಣದ ಜಾಗ, ಇಂಜಿನ್ನಿನ ಬೆನ್ನ ಹಿಂದೆ.
ಮೊಣಕೈ ತಿರುಚಿ, ಕೆನ್ನೆಯನ್ನು ಗ್ರೀಸಿಗೊತ್ತಿ, ಮುಟ್ಟಿದೆ.
ಎಂಟು ಬೋಲ್ಟು. ಎಂಟೂ ಬೋಳು.

ರುಸ್ತಾವಿಯ ನಮ್ಮ ಶೆಡ್ಡಿಗೆ ಈ ಕಾರು
ಹಡಗಿನಲ್ಲಿ ಪೋತಿಗೆ, ಪೋತಿಯಿಂದ ಲಾರಿ ಏರಿ ಬಂತು.
ಅಮೆರಿಕದ ದಂಡೆಯ ಯಾವುದೋ ಬಿರುಗಾಳಿಯಲ್ಲಿ ಮುಳುಗಿ
ಹರಾಜಿನಲ್ಲಿ ಎದ್ದದ್ದು.
ಸೀಟಿನಡಿ ಒಣಗಿದ ಕೆಸರು, ಮಗುವಿನ ಒಂಟಿ ಚಪ್ಪಲಿ,
ಬಿಳಿಯ ಪುಡಿ. ನಾಲಿಗೆಗಿಟ್ಟು ನೋಡಿದೆ. ಉಪ್ಪು.
ನಾನಿನ್ನೂ ಸಮುದ್ರ ನೋಡಿಲ್ಲ.

ಝೌರಿಯ ಎಡಗೈಯಲ್ಲಿ ಮೂರೇ ಬೆರಳು.
ಉಳಿದೆರಡು ಉಕ್ಕಿನ ಕಾರ್ಖಾನೆಯಲ್ಲೇ ನಿಂತವು,
"ಪಿಂಚಣಿ ತಿನ್ನುತ್ತಿವೆ" ಎನ್ನುತ್ತಾರೆ.

ಮೊದಲ ದಿನ ಕೆಲಸವೇ ಇಲ್ಲ.
ಎಣ್ಣೆ ಬಿಟ್ಟೆವು. ಹುರುಳಿಕಾಯಿ ಬೀಜ ತುಂಬಿದ ರೊಟ್ಟಿ ತಿಂದೆವು.
ಮತ್ತೆ ಎಣ್ಣೆ ಬಿಟ್ಟೆವು.
"ಈಗ ಅದು ಒಳಗೆ ನಡೆಯುತ್ತಿದೆ" ಎಂದರು, ಮಲಗಿದವರ ಕೋಣೆಯಾಚೆ
ಮಾತಾಡುವ ದನಿಯಲ್ಲಿ.
ಕಾರಿನ ಯಜಮಾನ ಮಾಲ್ಖಾಜ್ ಬಂದು ನೋಡಿ
ಕೂತ ನಮ್ಮಿಬ್ಬರನ್ನೂ ನೋಡಿ
ಗಡಿಯಾರ ನೋಡಿಕೊಂಡು ಹೋದ.

ಎರಡನೆಯ ದಿನ ತೊಲೆಗೆ ಸರಪಳಿ ಕಟ್ಟಿ
ಇಂಜಿನ್ ಎತ್ತಿ ಹೊರಗಿಟ್ಟೆವು.
ಬೆರಳಿಗಷ್ಟೇ ಗೊತ್ತಿದ್ದ ಎಂಟು ಮುಖಗಳು
ಬೆಳಕಿಗೆ ಬಂದು ಕೂತವು, ಕೆಂಪಗೆ, ತುಟಿ ಬಿಗಿದು.
ಹನ್ನೆರಡರ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕಚ್ಚಿಸಿದಾಗ
ಮೂರು ಬಂದವು.
ಉಳಿಯ ತುದಿಯಿಂದ ಪಕ್ಕಕ್ಕೆ ಹೊಡೆದಾಗ ಒಂದು,
ಬೈಗುಳ ತಿಂದುಕೊಂಡೇ.
ಇನ್ನು ಮೂರರ ಬೋಳುತಲೆಗೆ ಹೊಸ ನಟ್ಟಿಟ್ಟು ಬೆಸೆದು
ಝೌರಿ ಕೈಕಟ್ಟಿ ನಿಂತರು.

ಕಬ್ಬಿಣ ಕಾದಾಗ ಬಡಿ ಎನ್ನುತ್ತಾರಲ್ಲ
ಎಂದು ನಾನು ಹಿಡಿಕೆಗೆ ಕೈ ಹಾಕಿದೆ.
"ಅದು ಕಮ್ಮಾರನ ಮಾತು. ನಾವು ಬಿಡಿಸುವವರು.
ಕೆಂಪು ಇಳಿಯಲಿ."
ಕೆಂಪು ಇಳಿಯಿತು. ಒಂದಿಷ್ಟು ಹಿಂದಕ್ಕೆ,
ಒಂದಿಷ್ಟು ಮುಂದಕ್ಕೆ, ಮತ್ತೆ ಹಿಂದಕ್ಕೆ.
ಕಿರ್ರ್ ಎಂದಿತು, ತುಕ್ಕು ಉದುರಿತು,
ಬರುವುದಿಲ್ಲ ಎನ್ನುತ್ತಲೇ ಬಂದವು ಮೂರೂ.

ಎಂಟನೆಯದು ನನ್ನದು.
ಬೆಸೆದದ್ದು ನಾನು, ಕಾದದ್ದು ನಾನು,
ಅಥವಾ ಕಾದೆನೆಂದುಕೊಂಡದ್ದು.
ತಿರುಗಿಸಿದೆ. ಜಗ್ಗಲಿಲ್ಲ. ಇನ್ನಷ್ಟು.
ಮುರಿಯುವ ಮುನ್ನ ಬೋಲ್ಟಿಗೆ
ಮೆತ್ತನೆಯ ಒಂದು ಗಳಿಗೆ ಬರುತ್ತದೆ,
ಬೆಣ್ಣೆಯಲ್ಲಿ ಕತ್ತಿ ಹೊರಳಿದಂತೆ.
ಅದನ್ನು ನಾನು ಗೆಲುವೆಂದು ತಿಳಿದೆ.

ಟಕ್.

ನಟ್ಟಿನೊಂದಿಗೆ ತಲೆ ನನ್ನ ಕೈಯಲ್ಲಿ,
ಮುಂಡ ಅಲ್ಯೂಮಿನಿಯಮ್ಮಿನ ಒಳಗೆ.
ಶೆಡ್ಡಿನ ತಗಡಿನ ಮೇಲೆ ಪಾರಿವಾಳಗಳು ನಡೆದಾಡುವುದು
ಆಗ ಕೇಳಿಸಿತು.
ಝೌರಿ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.
ಡಬ್ಬಿ ತಡಕಾಡಿ, ಚಿಂದಿಯಲ್ಲಿ ಸುತ್ತಿದ್ದ
ಎಡಕ್ಕೆ ತಿರುಗುವ ಬೈರಿಗೆ ತೆಗೆದು ಕೊಟ್ಟರು.
"ನಡುವೆ ಚುಕ್ಕಿ ಹೊಡೆ. ನಡುವೆ ಅಂದರೆ ನಡುವೆ."

ಸಂಜೆ ಏಳರ ತನಕ, ಒಂದೊಂದೇ ಸುರುಳಿ ಬೆಳ್ಳಿ,
ಒಂದೊಂದು ಹನಿ ಎಣ್ಣೆ.
ಭುಜ ಸೋತಿತ್ತು. ನಾಳೆ ನೋಡೋಣ ಎನ್ನುವಷ್ಟರಲ್ಲಿ
ಬೈರಿಗೆ ಏನನ್ನೋ ಕಚ್ಚಿ ತಡವರಿಸಿತು,
ಮತ್ತೆ ಆ ಮೊಂಡು ಮುಂಡ ತಾನಾಗಿ,
ಯಾರೂ ಕರೆಯದೆ,
ತಿರುಗುತ್ತ ತಿರುಗುತ್ತ ಹೊರಗೆ ನಡೆದು ಬಂತು.
ನಾನು ಕಿರುಚಿದೆನಂತೆ. ಪಾರಿವಾಳಗಳು ಎದ್ದುಹೋದವಂತೆ.

ಮಾಲ್ಖಾಜನಿಗೆ ಏಳು ಬೋಲ್ಟಿನ ಲೆಕ್ಕ ಬರೆದರು.
"ಎಂಟಿತ್ತಲ್ಲ?" ಎಂದ, ಪ್ರಾಮಾಣಿಕ ಮನುಷ್ಯ.
"ಒಂದರದು ಶಾಲೆಯ ಫೀಸು" ಎಂದರು ಝೌರಿ,
ಯಾರು ಯಾರಿಗೆ ಕೊಡಬೇಕೆಂದು ಹೇಳಲಿಲ್ಲ.

ತುಂಡನ್ನು ಜೇಬಿಗೆ ಹಾಕಿಕೊಂಡಿದ್ದೆ, ಮರೆತೂಬಿಟ್ಟೆ.
ಭಾನುವಾರ ಬಟ್ಟೆ ಒಗೆಯುವ ಯಂತ್ರದೊಳಗಿಂದ
ಗಡಗಡ ಸದ್ದು, ಅಮ್ಮನ ಕೂಗು:
"ಇದೇನೇ ಇದು, ಎಲ್ಲಿಯದು?"